ಹೇಡೀಸಿಗೆ ಇಳಿದ ಮಡಿಲಕ್ಕಿ

ಗ್ರೀಕರ ದೇವಾನುದೇವತೆಗಳೆಲ್ಲ ಕೋಲಾರದ ಚಿನ್ನದ ಗಣಿಗೆ ಬಂದು ನೆಲೆಸಿದ್ದು ಡಾ. ಅನಂತಶಯನರ ಕೃಪೆಯಿಂದ. ಆಳಭೂಮಿ ಆಹಾರ ಕೇಂದ್ರಕ್ಕೆ ನಿರ್ದೇಶಕರಾಗಿ ಬಂದ ಮೊದಲ ವಾರದಲ್ಲೇ ಅವರು ಕಂಡಕಂಡದ್ದಕ್ಕೆಲ್ಲ ಹೆಸರಿಟ್ಟುಬಿಟ್ಟರು. ಕರೆಂಟು ಹಂಚುವ ಕೋಣೆ ಜ್ಯೂಸ್; ಅವನು ದೇವತೆಗಳ ರಾಜ, ಸಿಡಿಲು ಅವನ ಆಯುಧ. ನೀರೆತ್ತುವ ಪಂಪುಗಳಿಗೆ ಸಮುದ್ರದ ದೇವರು ಪೊಸೈಡನ್ನನ ಹೆಸರು. ಮೂರು ಕಿಲೋಮೀಟರ್ ಆಳಕ್ಕೆ ಇಳಿಯುವ ಲಿಫ್ಟು ಹರ್ಮಿಸ್, ಏಕೆಂದರೆ ಈ ಲೋಕದವರನ್ನು ಆ ಲೋಕಕ್ಕೆ ಕರೆದೊಯ್ಯುವವನು ಅವನೇ. ಲಿಫ್ಟು ಇಳಿದು ನಿಲ್ಲುವ ಪಾತಾಳವೇ ಹೇಡೀಸ್. ಕರೆಂಟು ಹೋದಾಗ ಊರಿನವರು 'ಜ್ಯೂಸ್ ಮುಗೀತು' ಎಂದು ನಗುತ್ತಿದ್ದರು. ಅನಂತಶಯನರಿಗೆ ಬೇಸರವೇನೂ ಆಗುತ್ತಿರಲಿಲ್ಲ. ಪರದೇಶದ ದೇವರುಗಳು ಈ ಊರಿಗೆ ಒಗ್ಗಬೇಕಾದರೆ ಇಷ್ಟು ತಮಾಷೆಯನ್ನಾದರೂ ತಡೆದುಕೊಳ್ಳಬೇಕು ಎಂದುಕೊಂಡಿದ್ದರು.

ಗಣಿಯ ಬಾಯಿಂದ ಸ್ವಲ್ಪ ದೂರದಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳ ಆಚೆಗೆ, ಕೇಂದ್ರದ ರಾಗಿ ಹೊಲವೂ ಬೀಜದ ಕೋಣೆಯೂ ಇದ್ದವು. ತಳಿ ವಿಜ್ಞಾನಿ ಮುನಿರತ್ನ ಅಲ್ಲಿಯ ಮುಖ್ಯಸ್ಥೆ. ಒಂದು ದಿನ ಆಕೆಯ ಬಾಗಿಲಿಗೂ 'ಡಿಮೀಟರ್' ಎಂಬ ಫಲಕ ಬಂತು.

"ಯಾರು ಸಾರ್ ಈಯಮ್ಮ?" ಎಂದು ಕೇಳಿದಳು.

"ಧಾನ್ಯದ ದೇವತೆ ಮೇಡಂ. ಗ್ರೀಕರ ಅನ್ನಪೂರ್ಣೆ ಅಂದ್ಕೊಳ್ಳಿ."

ಮುನಿರತ್ನಳಿಗೆ ಖುಷಿಯಾಯಿತು. ಫಲಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ರಾಗಿ ತೆನೆ ಸಿಕ್ಕಿಸಿದಳು. ಆ ದೇವತೆಯ ಉಳಿದ ಕಥೆಯನ್ನು ಆಕೆ ಕೇಳಲಿಲ್ಲ. ಅನಂತಶಯನರೂ ಹೇಳಲಿಲ್ಲ.

ಆ ವರ್ಷಗಳಲ್ಲಿ ಬಿಸಿಲು ಮೊದಲಿನ ಬಿಸಿಲಾಗಿ ಉಳಿದಿರಲಿಲ್ಲ. ರಾಗಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ಬಿಸಿಗಾಳಿ ಎದ್ದು, ಪರಾಗ ಸುಟ್ಟುಹೋಗಿ, ತೆನೆಗೆ ತೆನೆಯೇ ಜಳ್ಳಾಗುತ್ತಿತ್ತು. ದೇಶದ ಅರ್ಧ ಜನಕ್ಕೆ ಪಡಿತರದ ಸಾಲೇ ಗತಿ. ಹಾಗಾಗಿ ಕೇಂದ್ರ ಎರಡು ದಾರಿ ಹಿಡಿದಿತ್ತು. ಮೇಲಿನ ದಾರಿ ಮುನಿರತ್ನಳದು, ಬಿಸಿಗಾಳಿಗೂ ಜಗ್ಗದೆ ಕಾಳು ಕಟ್ಟುವ ರಾಗಿ ತಳಿಯನ್ನು ತಯಾರು ಮಾಡುವುದು. ಕೆಳಗಿನ ದಾರಿ ಹಿರಿಯ ವಿಜ್ಞಾನಿ ಆರೋಗ್ಯಸ್ವಾಮಿಯವರದು, ಸೂರ್ಯನ ಹಂಗೇ ಇಲ್ಲದ ಆಹಾರ ಬೆಳೆಯುವುದು.

ಆರೋಗ್ಯಸ್ವಾಮಿಯವರ ತಾತ ಆ ಗಣಿಯಲ್ಲಿ ಚಿನ್ನ ತೆಗೆದವರು, ಬಂಡೆ ಸಿಡಿದು ಅಲ್ಲೇ ಉಳಿದವರು. ಮೊಮ್ಮಗ ಅದೇ ಬಂಡೆಯೊಳಗೆ ಅನ್ನ ಹುಡುಕಿದರು. ಅಷ್ಟು ಆಳದಲ್ಲಿ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿ ಬಿರುಕುಗಳಲ್ಲಿ, ಎಂದೂ ಬೆಳಕು ಕಾಣದ ಸೂಕ್ಷ್ಮಜೀವಿಗಳು ಬಂಡೆ ಹೊರಬಿಡುವ ಜಲಜನಕವನ್ನೇ ಉಂಡು ಬದುಕಿರುತ್ತವೆ. ಅವನ್ನು ತಟ್ಟೆಗಳಲ್ಲಿ ಪಳಗಿಸಿ, ಎಷ್ಟೋ ವರ್ಷದ ಮೇಲೆ, ಕೆಂಪು ಮಣಿಗಳಾಗಿ ಗಟ್ಟಿಯಾಗುವ ಒಂದು ತಳಿಯನ್ನು ಅವರು ಪಡೆದರು. ನೋಡಲು ಥೇಟ್ ದಾಳಿಂಬೆ ಕಾಳು. ಬಿಳಿ ಬೆಳಕು ತಾಕಿದರೆ ಮಣಿಗಳು ಸಾಯುತ್ತಿದ್ದುದರಿಂದ ಕೆಳಗೆಲ್ಲ ಕೆಂಪು ದೀಪಗಳೇ. ಅಲ್ಲಿ ಎಲ್ಲವೂ ಒಂದೋ ಕೆಂಪು, ಇಲ್ಲವೇ ಕಪ್ಪು.

ಅಲ್ಲಿಗೆ ಆರು ತಿಂಗಳ ಪಾಳಿಗೆಂದು ಹೋದವಳು ಇಂಪನಾ, ಮುನಿರತ್ನಳ ಒಬ್ಬಳೇ ಮಗಳು. ಸೂಕ್ಷ್ಮಜೀವಿಶಾಸ್ತ್ರ ಓದಿದವಳು, ಹಠದಲ್ಲಿ ತಾಯಿಗೆ ಒಂದು ಕೈ ಮೇಲೆ.

ರಾಗಿ ಹೂ ಬಿಟ್ಟಿದ್ದ ಒಂದು ಬೆಳಿಗ್ಗೆ ಕೆಳಗಿನಿಂದ ಫೋನು ಬಂತು. ಮುನಿರತ್ನ ಹೊಲದಲ್ಲಿ ಕೂತು ಒಂದು ತೆನೆಗೆ ಇನ್ನೊಂದರ ಪರಾಗ ಸೋಕಿಸುತ್ತಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದಳು.

"ಅಮ್ಮಾ, ಮೊದಲನೇ ಕೊಯ್ಲು ಆಯ್ತು! ಸ್ವಾಮಿ ಸಾರ್ ಪಾಯಸ ಮಾಡಿದಾರೆ. ಮನೆ ಮಗಳು ನೀನು, ನೀನು ತಿಂದ್ಮೇಲೇ ನಾವು ಅಂತ ಬಟ್ಟಲು ಹಿಡ್ಕೊಂಡು ನಿಂತಿದಾರೆ. ತಿನ್ನೋಕೆ ಅನುಮತಿ ಇನ್ನೂ ಬಂದಿಲ್ಲ. ಇಲಿಗಳೇನೋ ಚೆನ್ನಾಗೇ ಇವೆ. ಏನ್ ಮಾಡ್ಲಿ?"

ಬಟ್ಟಲು ಹಿಡಿದು ನಿಂತ ಆ ಮುದುಕ ಮುನಿರತ್ನಳ ಕಣ್ಣಿಗೆ ಕಟ್ಟಿದರು.

"ಪಾಪ, ಎಷ್ಟು ವರ್ಷ ಒದ್ದಾಡಿ ಬೆಳೆದಿದಾರೆ. ಎದುರಿಗೆ ಹಿಡಿದಿದ್ದನ್ನ ಬೇಡ ಅನ್ನಬಾರದು ಕಣೇ. ಒಂದು ತುತ್ತಾದ್ರೂ ಬಾಯಿಗೆ ಹಾಕ್ಕೋ."

ಆ ಮನೆಯಲ್ಲಿ ಅದು ಹೊಸ ಮಾತಲ್ಲ. ಎರಡನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ತಂದ ಗಿಳಿಹಸಿರು ಲಂಗವನ್ನು ಇಂಪನಾ ಒಲ್ಲೆನೆಂದು ಅತ್ತಾಗಲೂ, ನೆಂಟರ ಮನೆಯಲ್ಲಿ ಬಡಿಸಿದ ಹಾಗಲಕಾಯಿಗೆ ಮುಖ ಕಿವುಚಿದಾಗಲೂ ಮುನಿರತ್ನ ಇದನ್ನೇ ಹೇಳಿದ್ದಳು. ಆ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಏನಾದರೂ ಬಾಯಿಗೆ ಹಾಕಿಕೊಳ್ಳದೆ ಏಳುವಂತಿಲ್ಲ. ಎದ್ದರೆ ಆ ಮನೆಯವರ ಮುಖ ಬಾಡುತ್ತದೆ. ಇಂಪನಾ ತಿಂದಳು, ಅವಳ ಹಿಂದೆ ಕೆಳಗಿದ್ದವರೆಲ್ಲ ತಿಂದರು. ಹುಳಿಸಿಹಿಯಾಗಿ ತುಂಬ ಚೆನ್ನಾಗಿತ್ತಂತೆ.

ಅಂದಿನಿಂದ ಕೆಳಗೆ ದಿನವೂ ಅದೇ ಊಟವಾಯಿತು. ಒಂದು ತಿಂಗಳ ಮೇಲೆ, ಕೆಳಗಿನ ಪಂಪು ನೋಡಿಕೊಳ್ಳುತ್ತಿದ್ದ ಫಕ್ರುದ್ದೀನ್ ತಂಗಿಯ ಮದುವೆಗೆಂದು ರಜೆ ಹಾಕಿ ಮೇಲೆ ಬಂದ. ಎರಡು ದಿನ ಓಡಾಡಿಕೊಂಡಿದ್ದ. ಮೂರನೆಯ ದಿನ ಶಾದಿಮಹಲಿನಲ್ಲಿ ನೆಂಟರಿಗೆ ಬಡಿಸುತ್ತಿದ್ದವನು ಕೈಯಲ್ಲಿ ಸೌಟು ಹಿಡಿದೇ ಕುಸಿದುಬಿದ್ದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಅವನ ಕಣ್ಣು, ಉಗುರು ಎಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಮದುಮಗಳ ಕೈಯ ಮೆಹಂದಿ ಮಾಸುವ ಮೊದಲೇ ಅವನನ್ನು ಮಣ್ಣು ಮಾಡಿ ಬಂದರು.

ಕಾರಣ ಬೇಗ ತಿಳಿಯಿತು. ತಿಂದ ಮಣಿಗಳೆಲ್ಲ ಹೊಟ್ಟೆಯಲ್ಲಿ ಅರಗಿರಲಿಲ್ಲ. ಉಳಿದವು ಕರುಳು ದಾಟಿ ಯಕೃತ್ತಿನಲ್ಲಿ ಬೀಡುಬಿಟ್ಟಿದ್ದವು. ಕೆಳಗೆ, ಬಂಡೆಯ ಉಸಿರು ಬೆರೆತ ಗಾಳಿಯಲ್ಲಿ, ಅವು ಯಾರಿಗೂ ತೊಂದರೆ ಕೊಡುವುದಿಲ್ಲ. ಮೇಲಿನ ಗಾಳಿಯಲ್ಲಿ ಆ ಉಸಿರಿಲ್ಲ. ಅವು ಹಸಿದು ಸಾಯುತ್ತವೆ, ಸಾಯುವಾಗ ತಮ್ಮೊಳಗಿನ ಕೆಂಪು ವಿಷವನ್ನೆಲ್ಲ ಒಟ್ಟಿಗೆ ರಕ್ತಕ್ಕೆ ಬಿಡುತ್ತವೆ. ಔಷಧಿ ಕೊಟ್ಟು ಕೊಂದರೂ ಅದೇ ಗತಿ. ಇಲಿಗಳ ಮೇಲೆ ಪರೀಕ್ಷೆ ನಡೆದದ್ದು ನಿಜ. ಆದರೆ ಕೆಳಗಿನ ಜೀವಿ ಮೇಲಕ್ಕೆ ಸೋರಬಾರದೆಂಬ ಎಚ್ಚರಿಕೆಯಿಂದ ಇಲಿಗಳನ್ನು ಕೆಳಗೇ ಇಟ್ಟಿದ್ದರು. ಮನುಷ್ಯರು ಮಾತ್ರ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಂದರೆ ಸಾಕೆಂದುಕೊಂಡಿದ್ದರು. ಎಂಥ ಬುದ್ಧಿವಂತರು!

ತಿಂದವರು ಇನ್ನು ಮೇಲೆ ಬರುವಂತಿರಲಿಲ್ಲ. ಇಂಪನಾ ಬರುವಂತಿರಲಿಲ್ಲ.

ಮುನಿರತ್ನಳ ಗಂಡ ತಿಮ್ಮರಾಯಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತನಾದವನು. ಗಟ್ಟಿ ಗಂಟಲು, ಮೃದು ಮನಸ್ಸು. ಸುದ್ದಿ ತಿಳಿದ ದಿನ ಅವನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ. ಮುನಿರತ್ನ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವನು ಹಿಟ್ಟಿನ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದ.

"ನೀನೇ ಅಲ್ವೇನೇ ತಿನ್ನು ಅಂದೋಳು?"

ಆಡಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಹತ್ತಿರ ಬಂದು ಆಕೆಯ ಭುಜ ಹಿಡಿದ. ಮುನಿರತ್ನ ಕೊಸರಿಕೊಳ್ಳಲಿಲ್ಲ, ಅಳಲೂ ಇಲ್ಲ. ಅವನು ಹೇಳದಿದ್ದರೂ ಆ ಮಾತು ಮಧ್ಯಾಹ್ನದಿಂದ ಆಕೆಯ ಕಿವಿಯಲ್ಲೇ ಇತ್ತು. ಒಲೆಯ ಮೇಲೆ ಮುದ್ದೆ ತಳ ಹಿಡಿದು ಮನೆಯೆಲ್ಲ ವಾಸನೆಯಾಯಿತು.

"ಕೆಳಗೋಗಿ ನೋಡ್ಕೊಂಡಾದ್ರೂ ಬರೋಣ ರತ್ನ. ಅಲ್ಲಿ ಉಸಿರಾಡಿದ್ರೆ ಏನೂ ಆಗಲ್ವಂತೆ. ಬಾಯಿಗೆ ಏನೂ ಹಾಕ್ಕೋಬಾರದು, ಅಷ್ಟೇ."

"ನೋಡೋಕೆ ಅಂತ ನಾನು ಹೋಗಲ್ಲ," ಎಂದಳು ಮುನಿರತ್ನ. "ನೋಡೋಕೆ ಹೋಗೋದು ಅಂದ್ರೆ ಅವಳು ಅಲ್ಲೇ ಇರೋಳು ಅಂತ ಒಪ್ಕೊಂಡ ಹಾಗೆ. ಹೋದ್ರೆ ಕರ್ಕೊಂಡು ಬರೋಕೇ ಹೋಗ್ತೀನಿ."

ಆ ದಿನದಿಂದ ಆಕೆ ರಾಗಿ ಹೊಲದ ಕಡೆ ತಲೆ ಹಾಕಲಿಲ್ಲ. ಪ್ರಯೋಗಶಾಲೆಯ ಮೂಲೆಯೊಂದನ್ನು ಹಿಡಿದು ಕೂತಳು. ಕೆಂಪು ಮಣಿ ತಿಂದ ಇಲಿಗಳನ್ನು ಗಾಜಿನ ಗೂಡುಗಳಲ್ಲಿ ಮೇಲೆ ತರಿಸಿದಳು. ಗೂಡಿನೊಳಗೆ ಜಲಜನಕ ಹರಿಸಿದಳು. ಇಲಿಗಳು ಮೂರನೆಯ ದಿನ ಸತ್ತವು. ಬಂಡೆಯ ಉಸಿರಿನಲ್ಲಿ ಸಿಕ್ಕ ಬೇರೆ ಬೇರೆ ಅನಿಲಗಳನ್ನೂ ಬೆರೆಸಿ ನೋಡಿದಳು, ಆಗಲೂ ಸತ್ತವು. ಆ ಉಸಿರಿನಲ್ಲಿ ಯಾರ ಉಪಕರಣಕ್ಕೂ ಸಿಗದ ಇನ್ನೇನೋ ಒಂದಿತ್ತು. ಕೆಳಗಿನ ಗಾಳಿಯನ್ನೇ ಸಿಲಿಂಡರಿಗೆ ತುಂಬಿಸಿ ತಂದರೆ, ಲಿಫ್ಟು ಮೇಲೆ ತಲುಪುವಷ್ಟರಲ್ಲಿ ಅದೂ ಕಳೆದುಹೋಗಿರುತ್ತಿತ್ತು.

ಇಂಪನಾ ದಿನವೂ ಫೋನು ಮಾಡುತ್ತಿದ್ದಳು. ಮೊದಮೊದಲು ವಿಜ್ಞಾನವನ್ನೇ ಮಾತಾಡುತ್ತಿದ್ದರು.

"ನನ್ನ ಉಗುರು ಕೆಂಪಾಗ್ತಾ ಬಂತಮ್ಮ. ನೈಲ್ ಪಾಲಿಶ್ ಖರ್ಚು ಉಳೀತು."

"ಬಾಯಿ ಮುಚ್ಚೇ. ಇನ್ನು ಸ್ವಲ್ಪ ದಿನ. ಕರ್ಕೊಂಡು ಬರ್ತೀನಿ."

"ಹೂಂ ಅಮ್ಮ."

ಆ 'ಹೂಂ' ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು.

ಬೇಸಿಗೆಯ ಒಂದು ಮಧ್ಯಾಹ್ನ ಆಕೆ ಕಂಟ್ರೋಲ್ ರೂಮಿಗೆ ಹೋದಳು. ಗೋಡೆ ತುಂಬ ಪರದೆಗಳು, ಪ್ರತಿಯೊಂದರ ಮೇಲೂ ಒಬ್ಬೊಬ್ಬ ಗ್ರೀಕ್ ದೇವರ ಹೆಸರು. ಒಂದು ಪರದೆಯಲ್ಲಿ ಕೆಳಗಿನವರು ನೆರಳುಗಳಂತೆ ಓಡಾಡುತ್ತಿದ್ದರು. ಅನಂತಶಯನರು ಆಕೆಯನ್ನು ಕಂಡು ಎದ್ದುನಿಂತರು. ಮುಖ ಸೊರಗಿತ್ತು.

"ಮೇಡಂ, ನಿಮ್ಮ ಬಾಗಿಲ ಮೇಲಿನ ಹೆಸರು ತೆಗೆಸಿಬಿಡ್ತೀನಿ. ದಿನಾ ಅದನ್ನ ನೋಡೋಕೆ ನನ್ನ ಕೈಲಿ ಆಗ್ತಾ ಇಲ್ಲ."

"ಯಾಕೆ? ಧಾನ್ಯದ ದೇವತೆ ಅಂದಿದ್ರಲ್ಲ."

ಅವರು ಕೂತರು. ಹೇಳುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೇಳಿದರು. ಡಿಮೀಟರಳಿಗೆ ಒಬ್ಬಳೇ ಮಗಳು, ಪರ್ಸೆಫನಿ. ಪಾತಾಳದ ದೊರೆ ಹೇಡೀಸ್ ಅವಳನ್ನು ಕೆಳಗೆ ಕೊಂಡೊಯ್ದ. ತಾಯಿ ಹುಡುಕಿ ಹುಡುಕಿ ಸೋತು, ಕೋಪದಿಂದ ಭೂಮಿಯಲ್ಲಿ ಒಂದು ಕಾಳೂ ಬೆಳೆಯದ ಹಾಗೆ ಮಾಡಿದಳು. ಜನ ಹಸಿವಿನಿಂದ ಸಾಯತೊಡಗಿದಾಗ ಜ್ಯೂಸ್ ಮಣಿದು, ಹುಡುಗಿಯನ್ನು ಬಿಟ್ಟು ಕಳಿಸೆಂದು ಹರ್ಮಿಸನನ್ನು ಅಟ್ಟಿದ. ಆದರೆ ಪಾತಾಳದ ಅನ್ನ ತಿಂದವರು ಅಲ್ಲಿಂದ ಪೂರ್ತಿಯಾಗಿ ಬಿಡಿಸಿಕೊಂಡು ಬರುವಂತಿಲ್ಲ. ಹುಡುಗಿ ಅಲ್ಲಿ ನಾಲ್ಕಾರು ಕಾಳು ತಿಂದುಬಿಟ್ಟಿದ್ದಳು.

"ಏನು ಕಾಳು?"

ಅನಂತಶಯನರು ನೆಲ ನೋಡಿದರು. "ದಾಳಿಂಬೆ."

ಮುನಿರತ್ನ ಮೇಜಿನ ಅಂಚು ಹಿಡಿದುಕೊಂಡಳು. "ನಿಮಗೆ ಈ ಕಥೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಡಿಮೀಟರ್ ಮಾಡಿದ್ರಿ, ಅದನ್ನ ಹೇಡೀಸ್ ಮಾಡಿದ್ರಿ. ಅಲ್ಲಿಗೆ ನನ್ನ ಮಗಳನ್ನ ಕಳಿಸಿದ್ರಿ. ಕೆಂಪು ಕಾಳು ಬೆಳೆದಾಗ್ಲೂ ನಿಮಗೆ ನೆನಪಾಗ್ಲಿಲ್ವಾ?"

"ಹೆಸರು ಚೆಂದ ಇದೆ ಅಂತ ಇಟ್ಟೆ ಮೇಡಂ," ಎಂದರು. ಅಷ್ಟು ಓದಿದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು. "ಕಥೆ ಅಂದ್ಕೊಂಡಿದ್ದೆ. ಬರೀ ಕಥೆ."

ಮುನಿರತ್ನಳ ತಲೆಯಲ್ಲಿ ಒಂದೇ ವಿಷಯ ಕೂತಿತ್ತು: ತಾಯಿ ಭೂಮಿಯನ್ನು ಬಂಜೆ ಮಾಡಿದಳು, ದೇವತೆಗಳ ರಾಜ ಮಣಿದ. ಮರುದಿನ ಬೀಜದ ಕೋಣೆಗೆ ಬೀಗ ಬಿತ್ತು. ಬಿಸಿಗಾಳಿ ತಡೆಯುವ ರಾಗಿಯ ಮೂಲಬೀಜ ಇದ್ದದ್ದೇ ನಾಲ್ಕಾರು ಸೇರು. ಆ ಮುಂಗಾರಿಗೆ ಅದನ್ನು ಬಿತ್ತಿ ಹೆಚ್ಚಿಸಿದರೆ ಮಾತ್ರ ಮುಂದಿನ ವರ್ಷ ಜನಕ್ಕೆ ಹಂಚಲು ಬೀಜ. 'ನನ್ನ ಮಗಳು ಮೇಲೆ ಬರುವವರೆಗೆ ಈ ಬೀಜ ಮಣ್ಣಿಗೆ ಬೀಳುವುದಿಲ್ಲ' ಎಂದು ಆಕೆ ಬಾಗಿಲಿಗೆ ಬರೆದು ಅಂಟಿಸಿದಳು.

ಸರ್ಕಾರದ ದೊಡ್ಡವರು ಬಂದರು. ಕಾರುಗಳ ಸಾಲು, ಹಿಂದೆ ಮುಂದೆ ಪೊಲೀಸರು. ಅವರಲ್ಲೊಬ್ಬರು ಕೈಮುಗಿದು, "ನಮ್ಮ ಕೈಲಿದ್ರೆ ಈಗಿಂದೀಗ ಆರ್ಡರ್ ಮಾಡಿ ಕರೆಸ್ತಿದ್ವಿ ತಾಯಿ. ಆ ಹುಳಕ್ಕೆ ನಮ್ಮ ಆರ್ಡರ್ ಎಲ್ಲಿ ಅರ್ಥ ಆಗತ್ತೆ?" ಎಂದರು. ಬೀಗ ಒಡೆಯಬಹುದಿತ್ತು. ಆದರೆ ಯಾವ ಸಾಲಿನ ಬೀಜವನ್ನು ಯಾವುದರ ಪಕ್ಕ ಬಿತ್ತಬೇಕೆಂಬುದು ಮುನಿರತ್ನಳ ತಲೆಯಲ್ಲಿತ್ತು, ಅದನ್ನು ಒಡೆಯುವುದು ಹೇಗೆ? ಬಂದ ಹಾಗೇ ಹೋದರು. ಗ್ರೀಕರ ಜ್ಯೂಸ್ ಎಷ್ಟೋ ವಾಸಿ, ಅವನಿಗೆ ನಿಜವಾದ ಅಧಿಕಾರವಾದರೂ ಇತ್ತು.

ಇನ್ನೊಂದು ದಿನ ಕ್ಯಾಸಂಬಳ್ಳಿ ಕಡೆಯ ಹೆಂಗಸೊಬ್ಬಳು ಸೊಂಟದ ಮೇಲೆ ಮಗು ಕೂರಿಸಿಕೊಂಡು ಬಂದಳು. ಬಾಗಿಲ ಬರಹವನ್ನು ಯಾರಿಂದಲೋ ಓದಿಸಿ ಕೇಳಿದ್ದಳು.

"ನಿಮ್ಮ ಸಂಕಟ ದೊಡ್ಡದೇ ಅಕ್ಕಾ, ಇಲ್ಲ ಅನ್ನಕಿಲ್ಲ. ಆದ್ರೆ ಈ ಕೂಸೇನು ಮಾಡೈತೆ ಹೇಳಿ. ಇದ್ಯಾಕೆ ಉಪಾಸ ಇರಬೇಕು?"

ಮುನಿರತ್ನ ತನ್ನ ಊಟದ ಡಬ್ಬಿಯನ್ನು ಆಕೆಯ ಕೈಗಿಟ್ಟು ಒಳಗೆ ಹೋದಳು. ಆ ಮಗುವಿನ ಕಾಲು ಕಡ್ಡಿಯಂತಿದ್ದುದು ಕಣ್ಣಿಂದ ಹೋಗಲಿಲ್ಲ. ಆದರೂ ಬೀಗ ತೆಗೆಯಲಿಲ್ಲ. ಆಕೆ ಕೆಟ್ಟವಳಾಗಿರಲಿಲ್ಲ. ಮಗಳನ್ನು ಕಳೆದುಕೊಂಡವಳಿಗೆ ಬೇರೆಯವರ ಮಕ್ಕಳು ಕಾಣದೆ ಹೋಗುತ್ತಾರೆ, ಅಷ್ಟೇ.

ಉಳಿದದ್ದು ಒಂದೇ ಆಸೆ. ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಆಕೆ ಕೊನೆಯ ಪ್ರಯತ್ನ ಮಾಡುತ್ತಿದ್ದಳು. ತನ್ನ ತಳಿಯ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಆ ಹಿಟ್ಟನ್ನು ಇಲಿಗಳಿಗೆ ತಿನ್ನಿಸಿದಳು. ಸುಮಾರು ಇಲಿಗಳು ಎಂದಿನಂತೆ ಸತ್ತವು. ಒಂದು ಮಾತ್ರ ಮೂರನೆಯ ದಿನ ದಾಟಿತು. ನಾಲ್ಕನೆಯ ದಿನ ಎದ್ದು ಮೀಸೆ ತೀಡಿಕೊಂಡಿತು. ಮೊಳಕೆಯಲ್ಲಿದ್ದ ಏನನ್ನೋ ಉಂಡು ಅದರ ಹೊಟ್ಟೆಯ ಜೀವಿಗಳು ಬದುಕಿದ್ದವು. ಮುನಿರತ್ನ ಮನೆಗೆ ಹೋಗುವುದನ್ನೇ ಬಿಟ್ಟಳು. ತಿಮ್ಮರಾಯಪ್ಪ ಊಟ ತಂದು ಕೊಟ್ಟು, ತಾನೂ ಗೂಡಿನ ಮುಂದೆ ಕೂತು ಇಲಿಯನ್ನು ಹುರಿದುಂಬಿಸುತ್ತಿದ್ದ: "ನಡಿ ಮಗನೇ, ಎಡ, ಬಲ, ಎಡ, ಬಲ!" ಎಷ್ಟೋ ತಿಂಗಳ ಮೇಲೆ ಇಬ್ಬರೂ ನಕ್ಕರು.

ಒಂದು ವಾರಕ್ಕೆ ಆ ಇಲಿಯೂ ಸತ್ತಿತು.

ಮುನಿರತ್ನ ಅದನ್ನು ಹೊಲದ ಬದುವಿನಲ್ಲಿ ಹೂತು, ಬೀಜದ ಕೋಣೆಗೆ ಹೋಗಿ ಬೀಗ ತೆಗೆದಳು. ಇದ್ದ ಬೀಜವನ್ನೆಲ್ಲ ಒಂದು ಬಿಳಿ ಬಟ್ಟೆಗೆ ಸುರಿದು ಗಂಟು ಕಟ್ಟಿದಳು. ಮನೆಗೆ ಬಂದು ಸ್ನಾನ ಮಾಡಿ, ಹಸಿರು ಬಳೆ, ಅರಿಶಿನದ ಕೊಂಬು, ವೀಳ್ಯದೆಲೆ, ಒಂದು ತೆಂಗಿನಕಾಯಿ, ರವಿಕೆ ಕಣ ಹೊಂದಿಸಿಕೊಂಡಳು. ಅದು ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ಕಟ್ಟುವ ಮಡಿಲಕ್ಕಿ. ಅಕ್ಕಿಯ ಬದಲು ರಾಗಿ, ಅಷ್ಟೇ ವ್ಯತ್ಯಾಸ. ತಿಮ್ಮರಾಯಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದ. ಆಕೆ ಹೊರಟಾಗ ಗೋಡೆಯ ಗೂಡಿನಲ್ಲಿದ್ದ ಮನೆಯ ಬೀಗದ ಕೈಯನ್ನು ತೋರಿಸಿದ.

"ಬೀಗದ ಕೈ ಮರೆತೆ."

"ಇನ್ನು ಅದು ಬೇಡ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲೇ ಊಟ ಮಾಡ್ಬಿಡೋಣ ಅಂತ ಹೊರಟಿದೀಯಾ ರತ್ನ?"

ಆಕೆ ಗಂಟನ್ನು ಕಂಕುಳಿಗೇರಿಸಿದಳು.

"ಹಂಗಾದ್ರೆ ನಾನು?"

ಮೈದಾನದ ತುದಿಗೂ ಕೇಳಿಸುತ್ತಿದ್ದ ಆ ಗಂಟಲಿನಿಂದ ಇಷ್ಟು ಸಣ್ಣ ದನಿ ಹೊರಟದ್ದನ್ನು ಮುನಿರತ್ನ ಎಂದೂ ಕೇಳಿರಲಿಲ್ಲ. ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟುಹೋದಳು. ಅವನು ತಡೆಯಲಿಲ್ಲ. ತಡೆದರೆ ಮಗಳು ಒಬ್ಬಳೇ ಇರುತ್ತಾಳೆ, ತಡೆಯದಿದ್ದರೆ ತಾನೊಬ್ಬನೇ ಇರಬೇಕು. ಯಾವುದನ್ನು ಆರಿಸಿಕೊಳ್ಳಬೇಕೋ ತಿಳಿಯದೆ ಹೊಸ್ತಿಲ ಮೇಲೆ ಕೂತ.

ಹರ್ಮಿಸ್ ಇಳಿಯುತ್ತ ಹೋದಂತೆ ಕಿವಿ ಗುಂಯ್‌ಗುಟ್ಟಿತು, ಮೈ ಬೆವೆತಿತು. ಬಾಗಿಲು ತೆರೆದಾಗ ಕೆಂಪು ಕತ್ತಲೆ. ಎದುರಿಗೆ ಆರೋಗ್ಯಸ್ವಾಮಿ ಕೈಮುಗಿದು ನಿಂತಿದ್ದರು. ಅವರನ್ನು ಕಂಡರೆ ಏನೇನು ಅನ್ನಬೇಕೆಂದು ಮುನಿರತ್ನ ತಿಂಗಳುಗಟ್ಟಲೆ ಯೋಚಿಸಿಟ್ಟುಕೊಂಡಿದ್ದಳು.

"ಅಮ್ಮಾ, ನಿಮ್ಮ ಪಾಪುಗೆ ನಾನೇ ಕೈಯಾರೆ ಕೊಟ್ಟೆ," ಎಂದರು ಆ ಮುದುಕ.

"ನೀವು ಪ್ರೀತಿಯಿಂದ ಕೊಟ್ರಿ ಸ್ವಾಮಿಯವರೇ. ತಿನ್ನು ಅಂದೋಳು ನಾನು." ಯೋಚಿಸಿಟ್ಟದ್ದರಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ.

ಇಂಪನಾ ಓಡಿ ಬಂದಳು. ಸೊರಗಿದ್ದಳು, ಮುಖ ಬಡಕಲಾಗಿತ್ತು, ಉಗುರುಗಳು ಆ ಬೆಳಕಿನಷ್ಟೇ ಕೆಂಪಾಗಿದ್ದವು. ತಾಯಿ ಮಗಳು ಅಪ್ಪಿಕೊಂಡು ಎಷ್ಟು ಹೊತ್ತು ನಿಂತರೋ. ಬಿಟ್ಟಾಗ ಇಬ್ಬರ ಹೆಗಲೂ ಒದ್ದೆಯಾಗಿದ್ದವು.

"ಹಸಿವಾಗ್ತಾ ಇದೆ ಕಣೇ," ಎಂದಳು ಮುನಿರತ್ನ. "ನಿಮ್ಮ ಮನೆಗೆ ಬಂದಿದೀನಿ. ಏನಾದ್ರೂ ಕೊಡು."

ಇಂಪನಾ ತಾಯಿಯ ಮುಖ ನೋಡಿದಳು. ಕೈಯಲ್ಲಿದ್ದ ಗಂಟು ನೋಡಿದಳು. ತಾಯಿ ಬಂದದ್ದು ಏಕೆಂದು ಅವಳಿಗೆ ಹೊಳೆದುಹೋಯಿತು.

"ಇಲ್ಲಿ ಏನೂ ಇಲ್ಲಮ್ಮ."

ಪಕ್ಕದ ಮೇಜಿನ ಮೇಲೆ ಕೆಂಪು ಮಣಿಗಳ ಬಟ್ಟಲಿತ್ತು. ಮುನಿರತ್ನ ಕೈ ಚಾಚಿದಳು. ಇಂಪನಾ ಅದನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದಳು.

"ಕೊಡೇ."

"ಕೊಡಲ್ಲ. ಬೇಡ ಅನ್ನಬಾರದು ಅಂತ ನೀನು ಹೇಳ್ಕೊಟ್ಟೆ. ಕೊಡಲ್ಲ ಅನ್ನೋದನ್ನ ಯಾರೂ ಹೇಳ್ಕೊಡಲಿಲ್ಲ, ಇಲ್ಲಿ ಬಂದು ನಾನೇ ಕಲ್ತೆ. ನನ್ನಮ್ಮ ನನ್ನ ಮನೆಗೆ ಬಂದಿದಾಳೆ, ಅವಳಿಗೆ ಒಂದು ಲೋಟ ನೀರೂ ಕೊಡಲ್ಲ ನಾನು."

ಹೇಳುತ್ತ ಹೇಳುತ್ತ ಬಿಕ್ಕಿದಳು, ಬಟ್ಟಲು ಮಾತ್ರ ಬಿಡಲಿಲ್ಲ. ಮುನಿರತ್ನ ಸೋತು ನೆಲದ ಮೇಲೆ ಕೂತಳು. ಆಮೇಲೆ ಗಂಟು ಬಿಚ್ಚಿದಳು. ಮಗಳನ್ನು ಎದುರಿಗೆ ಕೂರಿಸಿ ಹಣೆಗೆ ಕುಂಕುಮ ಇಟ್ಟಳು, ಕೈಗೆ ಬಳೆ ತೊಡಿಸಿದಳು. ಹಸಿರು ಬಳೆಗಳು ಆ ಬೆಳಕಿನಲ್ಲಿ ಕಪ್ಪಾಗಿ ಕಂಡವು. ಮದುವೆಯಿಲ್ಲ, ದಿಬ್ಬಣವಿಲ್ಲ, ಆದರೂ ಮಗಳು ತವರು ಬಿಟ್ಟು ಹೋದದ್ದು ನಿಜವಾಗಿತ್ತು. ಇಂಪನಾ ದುಪಟ್ಟಾ ಚಾಚಿದಳು. ಮುನಿರತ್ನ ತನ್ನ ಬದುಕಿನ ದುಡಿಮೆಯನ್ನೆಲ್ಲ ಅವಳ ಮಡಿಲಿಗೆ ಸುರಿದಳು.

"ಎಲ್ಲಾ ತಂದ್ಬಿಟ್ಯಾ?" ಇಂಪನಾ ಕಾಳನ್ನು ಮುಟ್ಟಿ ಕೇಳಿದಳು.

"ಎಲ್ಲಾ."

"ಆ ಇಲಿ?"

"ಸತ್ತೋಯ್ತು."

"ಎಷ್ಟು ದಿನ ಇತ್ತು?"

"ಒಂದು ವಾರ. ಏನು ಪ್ರಯೋಜನ? ಸತ್ತೋಯ್ತು."

"ಮೂರು ದಿನ ಇರ್ತಿದ್ದದ್ದು ಒಂದು ವಾರ ಇತ್ತಮ್ಮ."

ಇಂಪನಾ ಮಡಿಲಿಗೆ ಕೈ ಹಾಕಿ, ಮುಷ್ಟಿ ತುಂಬ ರಾಗಿ ತೆಗೆದು, ತಾಯಿಯ ಮುಂದೆ ಹಿಡಿದಳು. ಮಡಿಲು ತುಂಬಿಸಿಕೊಂಡ ಹೆಣ್ಣು ತವರು ಬರಿದಾಗದಿರಲೆಂದು ಒಂದು ಹಿಡಿಯನ್ನು ತವರಿಗೇ ಮರಳಿಸಬೇಕು. ಆ ಪದ್ಧತಿ ಮುನಿರತ್ನಳಿಗೆ ಗೊತ್ತಿರಲಿಲ್ಲವೆಂದಲ್ಲ. ಮರೆತಿದ್ದಳು.

"ಸೆರಗು ಹಿಡಿ."

"ನಾನು ಹೋಗಲ್ಲ ಇಂಪು. ನಿನ್ನ ಜೊತೆ ಇಲ್ಲೇ ಇರ್ತೀನಿ. ನನ್ನ ಕೈಲಿ ಇನ್ನಾಗಲ್ಲ."

"ಇಲ್ಲಿದ್ರೆ ಇದನ್ನ ಯಾರಿಗೆ ಕೊಡ್ಲಿ? ತವರಲ್ಲಿ ಇಸ್ಕೊಳ್ಳೋಕೆ ಒಬ್ರು ಇರಬೇಕಲ್ಲಮ್ಮ. ಅಪ್ಪ ಒಬ್ರೇ ಏನ್ ಮಾಡ್ತಾರೆ? ನಾನು ಕೆಳಗಿರೋಳು, ಅದನ್ನ ಹೆಂಗೋ ತಡ್ಕೋತೀನಿ. ತವರು ಇಲ್ದೋಳು ಅನ್ನಿಸ್ಬೇಡ ನನ್ನ."

ಬೆರಳ ಸಂದಿಯಿಂದ ಒಂದೆರಡು ಕಾಳು ಉದುರಿದವು. ಮುನಿರತ್ನ ಸೆರಗು ಚಾಚಿದಳು. ಎದುರಿಗೆ ಹಿಡಿದದ್ದನ್ನು ಬೇಡವೆನ್ನುವುದು ಆಕೆಗೂ ಗೊತ್ತಿರಲಿಲ್ಲ.

"ಉಳಿದಿದ್ದು ನನ್ನ ಹತ್ರ ಇರ್ಲಿ," ಎಂದಳು ಇಂಪನಾ. "ಮೊಳಕೆ ಕಟ್ಟಿ ನಾನು ಇಲ್ಲಿ ನೋಡ್ತೀನಿ, ನೀನು ಅಲ್ಲಿ ಬೆಳಿ. ಒಂದು ವಾರನಾದ್ರೂ ಮನೆಗೆ ಬರ್ತೀನಾ ನೋಡೋಣ. ಬೀಜ ಜನಕ್ಕೂ ಕೊಡಮ್ಮ."

ಹರ್ಮಿಸ್ ಮೇಲೆ ಬಂದಾಗ ನೆತ್ತಿಯ ಮೇಲೆ ಬಿಸಿಲಿತ್ತು. ಗಣಿಯ ಬಾಯಲ್ಲಿ ತಿಮ್ಮರಾಯಪ್ಪ ಛತ್ರಿಯನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಹೆಂಡತಿಯನ್ನು ಕಂಡು ಛತ್ರಿ ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದ. ಇಬ್ಬರೂ ನೇರ ಹೊಲಕ್ಕೆ ಹೋದರು. ಹೊಲವೆಲ್ಲ ಬಿರುಕು ಬಿಟ್ಟಿತ್ತು. ಒಂದು ಮೂಲೆಯಲ್ಲಿ ಚಾಪೆಯಗಲದ ಮಡಿ ಮಾಡಿದರು. ಒಂದು ಹಿಡಿಗೆ ಅಷ್ಟು ಜಾಗ ಸಾಕು. ಮುನಿರತ್ನ ಬಿತ್ತಿದಳು, ಅವನು ಮನೆಯಿಂದ ನೀರು ಹೊತ್ತು ತಂದು ಚಿಮುಕಿಸಿದ.

"ಬಂತಾ ಅಮ್ಮ?" ಎಂದು ಇಂಪನಾ ದಿನವೂ ಕೇಳುತ್ತಿದ್ದಳು.

"ಇನ್ನೂ ಇಲ್ಲ ಕಣೇ."

ಒಂದು ಬೆಳಿಗ್ಗೆ ಅವಳು ಕೇಳುವ ಮೊದಲೇ ಮುನಿರತ್ನ, "ಬಂತು," ಎಂದಳು.

"ಯಾವ ಬಣ್ಣ ಇದೆ?"

"ಯಾವ ಬಣ್ಣ ಅಂದ್ರೆ? ಹಸಿರು."

"ಹಸಿರು ಅಂದ್ರೆ ಹೆಂಗಿರತ್ತೆ ಹೇಳಮ್ಮ. ಇಲ್ಲಿ ಎಲ್ಲಾ ಕಪ್ಪಾಗೇ ಕಾಣತ್ತೆ. ಕಣ್ಮುಚ್ಚಿದ್ರೂ ಬರ್ತಾ ಇಲ್ಲ, ಮರ್ತೋಗ್ತಾ ಇದೆ."

ಮುನಿರತ್ನ ಮಡಿಯ ಪಕ್ಕ ಮಣ್ಣಿನಲ್ಲಿ ಕೂತಳು. ಬಣ್ಣವನ್ನು ಮಾತಿನಲ್ಲಿ ಹೇಳುವುದು ಆಕೆಗೆ ಬರುತ್ತಿರಲಿಲ್ಲ. ಗಾಳಿಗೆ ಅಲುಗುತ್ತಿದ್ದ ಸೂಜಿಯಷ್ಟು ಸಣ್ಣ ಎಲೆಗಳನ್ನು ನೋಡುತ್ತ, ತಡವರಿಸುತ್ತ ಶುರುಮಾಡಿದಳು.

"ನೀನು ಎರಡನೇ ಕ್ಲಾಸಲ್ಲಿದ್ದಾಗ ಅಜ್ಜಿ ಒಂದು ಲಂಗ ತಂದಿದ್ರಲ್ಲ ಕಂದ. ಬೇಡ ಅಂತ ನೀನು ಎಷ್ಟು ಅತ್ತೆ, ನಾನು ಬೈದು ಬಲವಂತವಾಗಿ ತೊಡಿಸ್ದೆ. ಆ ಬಣ್ಣ."